ತುಟಿಯಿಂದ ಇಳಿದ ಕುಂಕುಮ

ಹುಕ್ಕೇರಿಯಿಂದ ಬಂದ ಆಳು ಕಟ್ಟೆಯ ಕೆಳಗೆ ನಿಂತು ರುಮಾಲು ಬಿಚ್ಚಿದಾಗಲೇ ಕಾಶೆವ್ವನಿಗೆ ತಿಳಿಯಿತು. ಮಗಳು ಕೆಂಚವ್ವ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸು ಮಾತ್ರ ಉಳಿದಿತ್ತು, ಹೆಣ್ಣು. ಬರುವ ಸೋಮವಾರ ಅಳಿಯ ಅಪ್ಪಣ್ಣ ಅದನ್ನು ನಾಗನೂರಿಗೆ ತಂದು ಅಜ್ಜಿಯ ಉಡಿಗೆ ಹಾಕುತ್ತಾನೆಂದು ಆಳು ಹೇಳಿದ.

ಸಮಾಧಾನ ಹೇಳಲು ಬಂದ ನೆರೆಮನೆಯ ಚನ್ನವ್ವನ ಕಣ್ಣು ಗೋಡೆಯ ಪಟದ ಮೇಲೆ ಬಿತ್ತು.

"ಏ ಕಾಶೀ, ಇದನ್ನ ಎಲ್ಲಿಂದ ತಂದಿ?"

"ಗೋಕಾಕ ಸಂತ್ಯಾಗ, ಹಳೇ ಸಾಮಾನಿನಾಂವನ ಕಡಿಂದ. ತಾಯಿ ಕೂಸು ಅದಾವು, ಬಸುರಿ ಮಗಳಿಗೆ ಚಲೋ ಆಗಲಿ ಅಂತ."

"ಪ್ಲೇಗ್ ಬಂದ ಖಾಲಿಯಾದ ಮನ್ಯಾಂದು ಇದು. ಆ ಕರೇ ಮಾರಿ ನೋಡ, ಹೊರಗ ಚಾಚಿದ ನಾಲಿಗಿ ನೋಡ. ತಾಯಿ ಅಲ್ಲಬೇ, ಮಾರೆವ್ವ ಆಕಿ. ಕೂಸನ್ನ ತಿನ್ನಾಕ ಉಡ್ಯಾಗ ಹಾಕ್ಕೊಂಡ ಕುಂತಾಳ!"

ಕಾಶೆವ್ವ ಪಟದಿಂದ ಹಿಂದೆ ಸರಿದಳು. ನಾನೇ ಕೈಯಾರೆ ಮೃತ್ಯುವನ್ನು ಮನೆಗೆ ತಂದೆನೆ?

ಹುಕ್ಕೇರಿಗೆ ಹೋಗಿ ಮಗಳಿಗೆ ಮಣ್ಣು ಕೊಟ್ಟು ಬಂದಳು. ಪೂಜೆಗೊಂಡ ಪಟವನ್ನು ತಿಪ್ಪೆಗೆ ಎಸೆಯುವಂತಿಲ್ಲ, ಮನೆಯಲ್ಲಿ ಇಡುವಂತೆಯೂ ಇಲ್ಲ. ದೇವಿಯ ಸಿಟ್ಟು ಆರಲೆಂದು ಮುಂಜಾನೆ ಸಂಜೆ ಕುಂಕುಮವನ್ನು ನೀರಿನಲ್ಲಿ ಕಲಸಿ, ಕಣ್ಣು ಮುಚ್ಚಿಕೊಂಡೇ ಗಾಜಿನ ಮೇಲೆ ಹಣೆಗೆ ಹಚ್ಚಿದಳು. ಮರುದಿನ ನಾಲಿಗೆ ಗದ್ದ ದಾಟಿತ್ತು. ಇನ್ನೂ ಗಟ್ಟಿಯಾಗಿ ಹಚ್ಚಿದಳು. ಮೂರನೆಯ ದಿನ ಅದರ ಕೆಂಪು ತುದಿ ಉಡಿಯೊಳಗಿನ ಕೂಸಿನ ನೆತ್ತಿಯನ್ನು ಮುಟ್ಟಿತ್ತು.

ಕಾಶೆವ್ವ ಪಟದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ನಾಡಿದ್ದೇ ಸೋಮವಾರ, ಕೂಸು ಬರುವ ದಿನ.

ಧುಪದಾಳದ ಒಡ್ಡಿನಲ್ಲಿ ಪಟವನ್ನು ನೀರಿಗೆ ಬಿಡುವುದೆಂದು ಗಟ್ಟಿಮಾಡಿದಳು. ಆದರೆ ಜನ, ದನ ಇಳಿಯುವ ನೀರಿಗೆ ಗಾಜು ಹಾಕಬಾರದು. ಅದನ್ನು ತೆಗೆಸಲು ಭಾನುವಾರ ಪಟವನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಗೋಕಾಕದಲ್ಲಿ ಪಟಗಳಿಗೆ ಕಟ್ಟು ಹಾಕುವ ದುಂಡಪ್ಪನ ಅಂಗಡಿಗೆ ಹೋದಳು.

"ಏನ್ರಿ ಅವ್ವಾರ, ಹಾವು ಹಿಡದಂಗ ಹಿಡದೀರಿ? ಕಡೀತೈತೇನು?"

"ಗಾಜೊಂದ ತಗದ ಕೊಡಪಾ ತಮ್ಮಾ. ನಾ ನೋಡಾಂಗಿಲ್ಲ." ಅವಳು ಗೋಡೆಗೆ ಮುಖಮಾಡಿ ಕುಳಿತು, ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡಳು.

ಮೊಳೆ ಕೀಳುವ ಸದ್ದು ಕೇಳಿತು. ಆಮೇಲೆ ದುಂಡಪ್ಪ ಗಾಜನ್ನು ಬೆಳಕಿಗೆ ಹಿಡಿದು ಕೇಳಿದ:

"ದಿನಾ ಕುಂಕುಮ ನೀರಾಗ ಕಲಸಿ ಹಚ್ಚತಿದ್ರೇನು?"

"ಹೂಂ. ಎರಡ ಹೊತ್ತು."

"ಗಾಜಿಗೆ ಹಣಿಯಿಂದ ತುಟಿ ತನಕ ಕೂದಲಿನಂಥಾ ಬಿರುಕು ಐತ್ರಿ. ಮೊದಲಿನ ಮನ್ಯಾವ್ರು ಹಚ್ಚಿದ್ದೂ ನೀವು ಹಚ್ಚಿದ್ದೂ ಅದರಗುಂಟ ಒಳಗ ಇಳದ ತುಟಿಯಿಂದ ಸುರದೈತಿ. ನಾಲಿಗಿ ಬೆಳಿಸಿದವ್ರು ನೀವ ಅದೀರಿ! ಇತ್ತ ಹೊಳ್ರಿ."

ಅವಳು ಹೊರಳಲಿಲ್ಲ. ದುಂಡಪ್ಪ ಹತ್ತಿಯನ್ನು ನೀರಿನಲ್ಲಿ ಹಿಂಡಿ, ಯಾವುದೋ ಮನೆಯ ದೀಪದ ಮಸಿಯನ್ನೂ ಕುಂಕುಮವನ್ನೂ ಮೆಲ್ಲಗೆ ಒರೆಸಿದ. ಕಟ್ಟಿನ ಮರೆಯಲ್ಲಿದ್ದ ಅಂಚು ಹೊಚ್ಚ ಹೊಸದಾಗಿತ್ತು. ಅಲ್ಲಿ ಅಚ್ಚಾಗಿದ್ದ ಹೆಸರನ್ನು ಓದಿದ: "ಯಶೋದಾ, ಕೃಷ್ಣ. ಕೂಸಿಗೆ ಬೆಣ್ಣಿ ತಿನಸಾಕತ್ತಾಳ್ರಿ ತಾಯಿ."

ಕಾಶೆವ್ವ ಹೊರಳಿ ನೋಡಿದಳು. ಗೋಧಿ ಬಣ್ಣದ ಮುಖ, ಮುಚ್ಚಿದ ತುಟಿ, ಕೂಸಿನ ಬಾಯಿಯ ಹತ್ತಿರ ಬೆರಳು. ಬಹಳ ಹೊತ್ತು ನೋಡಿ ಕೇಳಿದಳು:

"ಹಂಗಾರ ನನ್ನ ಮಗಳನ್ನ ಒಯ್ದವ್ರು ಯಾರಪಾ?"

ದುಂಡಪ್ಪ ತಲೆ ತಗ್ಗಿಸಿ ಹೊಸ ಕಟ್ಟಿಗೆಂದು ಸಾಗವಾನಿಯ ಪಟ್ಟಿಯನ್ನು ಅಳೆಯತೊಡಗಿದ.

ಸೋಮವಾರ ಅಪ್ಪಣ್ಣ ಬಟ್ಟೆಯ ಗಂಟಿನಂತಿದ್ದ ಕೂಸನ್ನು ಅವಳ ಉಡಿಗೆ ಹಾಕಿದ. ಹೊಸ ಕಟ್ಟು, ಹೊಸ ಗಾಜಿನ ಪಟ ಗೋಡೆಯ ಮೇಲಿತ್ತು. ಕಾಶೆವ್ವನ ಕಣ್ಣು ಮೊದಲು ಹೋದದ್ದು ಆ ತುಟಿಗಳ ಮೇಲೆಯೇ. ಮುಚ್ಚಿದ್ದವು. ಮತ್ತೊಮ್ಮೆ ನೋಡಿದಳು. ಆಮೇಲೆ ಎರಡು ಬೆರಳು ವಿಭೂತಿ ತೆಗೆದು, ಪಟಕ್ಕಲ್ಲ, ಕೂಸಿನ ಹಣೆಗೆ ಹಚ್ಚಿದಳು.

"ಶಿವನೇ, ಯಾರು ಒಯ್ದರೆಂದು ಇನ್ನು ಕೇಳುವುದಿಲ್ಲ. ನನ್ನ ಕೆಂಚವ್ವ ತನ್ನ ಕೂಸಿನ ಮುಖವನ್ನೂ ನೋಡದೆ ನಿನ್ನ ಬಳಿಗೆ ಬಂದಿದ್ದಾಳೆ. ಅವಳನ್ನು ನಿನ್ನ ಉಡಿಯಲ್ಲಿ ಹಾಕಿಕೋ. ಅಂಜಿಸಬೇಡ. ಅವಳಿಗೆ ಶಾಂತಿ ಕೊಡು, ತಂದೆ."