ಮೆಕ್ಕೆಜೋಳದ್ದು ಲೆಕ್ಕಕ್ಕಿಲ್ಲ

ಅಪ್ಪನ ಎದೆಯ ಮೇಲೆ ತಟ್ಟೆಯಿಟ್ಟು, ಅದರಲ್ಲೊಂದು ಹಿಡಿ ಉಪ್ಪು ಸುರಿದು, ಅಮ್ಮ ನನ್ನನ್ನು ಬಾಗಿಲ ಕಡೆಗೆ ತಳ್ಳಿದಳು.

"ತೆಗಿ ಕೆಜಾಯಾ. ಬಂದೋರ ಮುಂದೆ ಮುಖ ಗಂಟು ಹಾಕ್ಕೋಬೇಡ."

ತೆಗೆದೆ. ಎನಕ್ ತಾತ ಮೊದಲು ಬಂದ. ಹಿಂದೆ ಅವನ ಸೊಸೆ ಮಾರ್ಥಾ, ಕೈಯಲ್ಲಿ ಬಟ್ಟೆ ಸುತ್ತಿದ ಗಂಟು. ಆಮೇಲೆ ಬಯಲಿನ ಉಳಿದವರು. ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಮನೆ ನಮ್ಮದು. ಅಷ್ಟು ಜನ ಒತ್ತಿ ನಿಂತರೆ ಗೋಡೆಯ ಮಣ್ಣು ಹೆಗಲ ಮೇಲೆ ಉದುರುತ್ತದೆ. ಅಪ್ಪ ಬದುಕಿದ್ದಾಗ ಇವರಲ್ಲಿ ಒಬ್ಬರೂ ಈ ಹೊಸಿಲು ದಾಟಿರಲಿಲ್ಲ.

ನಮ್ಮದು ಪಾಪ ತಿನ್ನುವ ಮನೆತನ. ಇಂಗ್ಲೆಂಡಿನಲ್ಲಿ ಮುತ್ತಜ್ಜ ತಿಂದ, ಅಜ್ಜ ತಿಂದ. ಹೆಣದ ಎದೆಯ ಮೇಲಿಂದ ರೊಟ್ಟಿ ದಾಟಿಸಿ ಕೊಡುತ್ತಾರೆ. ತಿಂದರೆ ಸತ್ತವರ ಪಾಪ ತಿಂದವನಿಗೆ. ಅವನ ಬಟ್ಟಲನ್ನು ಒಲೆಗೆ ಹಾಕುತ್ತಾರೆ, ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಇದು ಸಾಕೆಂದೇ ಅಪ್ಪ ಹಡಗು ಹತ್ತಿ ನೆಬ್ರಾಸ್ಕಾದ ಈ ಬಯಲಿಗೆ ಬಂದ. ಆದರೆ ಊರಿನವರೂ ಅದೇ ಹಡಗಿನಲ್ಲಿದ್ದರು.

ಮೊದಲ ಚಳಿಗಾಲದಲ್ಲಿ ಎನಕ್ ತಾತನ ಹೆಂಡತಿ ಹನ್ನಾ ತೀರಿಕೊಂಡಳು. ತಾತ ಬಂದು ಹಿಮದಲ್ಲಿ ಮಂಡಿಯೂರಿದ. ಅಪ್ಪ ಅಮ್ಮನಿಗೆ ಹೇಳಿದ್ದು ನನಗೆ ನೆನಪಿದೆ: "ಇಲ್ಲಿ ಗೋಧಿ ಎಲ್ಲಿದೆ? ಮೆಕ್ಕೆಜೋಳದ್ದೂ ಒಂದು ರೊಟ್ಟೀನಾ? ಹಂದಿ ಮೇವು. ಲೆಕ್ಕಕ್ಕಿಲ್ಲ ಬಿಡು. ಮುದುಕನಿಗೆ ಸಮಾಧಾನ ಆಗ್ಲಿ."

ಅಪ್ಪ ತಿಂದು ಬಂದ. ಅವತ್ತು ಸಂಜೆ ಒಲೆಯ ಮುಂದೆ ಕೂತು ಖಾಲಿ ತೋಳುಗಳನ್ನು ತೂಗುತ್ತ ಅತ್ತ. "ಇದಕ್ಕೆ ಹೆಸರೇ ಇಡ್ಲಿಲ್ಲ," ಎಂದ. ಹನ್ನಾಳಿಗೆ ಅಂಥದೊಂದು ಮಗುವಿದ್ದದ್ದನ್ನು ನಾವ್ಯಾರೂ ಕೇಳಿರಲಿಲ್ಲ.

ಜೇಬೆಜ್ ಪ್ರೀಸ್ ಸತ್ತಾಗ ಅವನದನ್ನೂ ತಿಂದ ಮೇಲೆ ಅಪ್ಪ ತೊರೆಯ ಹತ್ತಿರ ಹೋಗುವುದನ್ನು ಬಿಟ್ಟ. "ಅವನು ಇನ್ನೂ ಕೈ ಎತ್ತಿ ಕರೀತಿದ್ದಾನೆ," ಎನ್ನುತ್ತಿದ್ದ. ನಾವು ಪಶ್ಚಿಮಕ್ಕೆ ಬರುವಾಗ ಜೇಬೆಜನ ತಮ್ಮ ನದಿಯಲ್ಲಿ ಮುಳುಗಿ ಹೋಗಿದ್ದ. ಕಾಲು ಜಾರಿತೆಂದು ಎಲ್ಲರೂ ನಂಬಿದ್ದೆವು. ಆಮೇಲೂ ಸಾವಿನ ಮನೆಗಳಿಂದ ಕರೆಗಳು ಬಂದವು. ಪ್ರತಿಸಲವೂ ಅಪ್ಪ ಹಂದಿ ಮೇವಿನ ಮಾತನ್ನೇ ಆಡಿ ಹೊರಡುತ್ತಿದ್ದ. ಕೊನೆಕೊನೆಗೆ ಅವನು ನನ್ನ ಹೆಸರು ಹಿಡಿದು ಕರೆದರೆ, ಕರೆಯುತ್ತಿರುವುದು ಯಾರೆಂದು ಮುಖ ನೋಡಿಕೊಂಡೇ ಓಗೊಡುತ್ತಿದ್ದೆ.

ಮಾರ್ಥಾ ಗಂಟು ಬಿಚ್ಚಿದಳು. ಬೆಳ್ಳಗಿನ ರೊಟ್ಟಿ, ಇನ್ನೂ ಬಿಸಿ. "ಗೋಧಿದು ಕಣೇ. ರೈಲು ಬರೋ ಊರಿಂದ ಹಿಟ್ಟು ತರಿಸಿದ್ವಿ."

"ಅಪ್ಪನಿಗೆ ಹಂದಿ ಮೇವು, ನನಗೆ ಗೋಧಿ. ಏನ್ ಉಪಚಾರ!"

"ಹೆಣ್ಣು ತಿಂದ್ರೆ ನಡೆಯುತ್ತಾ?" ಹಿಂದಿನಿಂದ ಯಾರೋ ಕೇಳಿದರು.

"ಬಾಯಿದ್ರೆ ಸಾಕು," ಎಂದ ತಾತ. "ಅದೊಂದಕ್ಕೆ ಇವಳಲ್ಲಿ ಕೊರತೆ ಇಲ್ಲ."

ಒಬ್ಬಿಬ್ಬರು ನಕ್ಕು, ಹೆಣ ನೋಡಿ ಸುಮ್ಮನಾದರು. ತಾತ ಟೊಪ್ಪಿಗೆ ತೆಗೆದ. "ನಮ್ಮೋರೆಲ್ಲ ಅವನೊಳಗಿದ್ದಾರೆ ಮಗಳೇ. ಹಿಂಗೇ ಹೂತ್ರೆ ಎದ್ದು ಅವರವರ ಮನೆಗೆ ಬರ್ತಾರೆ. ಆಗ್ಲೇ ಶುರುವಾಗಿದೆ. ನಿನ್ನೆ ಸಂಜೆ ನನ್ನ ಕೊಟ್ಟಿಗೆ ಹಿಂದೆ ಹನ್ನಾ ಜೋಗುಳ ಹಾಡ್ತಿದ್ಲು."

"ನಿನ್ನ ಹೆಂಡ್ತಿ ತಾನೇ ತಾತ? ಒಳಗೆ ಕರೀಬೇಕಿತ್ತು."

ಅವನು ಟೊಪ್ಪಿಗೆಯ ಅಂಚನ್ನು ಹಿಸುಕಿದ. "ಕರೆದ್ರೆ... ಅದನ್ನ ಎಲ್ಲಿ ಹೂತೆ ಅಂತ ಕೇಳ್ತಾಳೆ."

ಹೊರಗೆ ಗಾಳಿ ಹುಲ್ಲನ್ನು ಮಲಗಿಸಿಕೊಂಡು ಬರುತ್ತಿತ್ತು. ಎಲ್ಲರೂ ಕಿವಿಗೊಟ್ಟರು, ಒಬ್ಬೊಬ್ಬರೂ ತಮ್ಮ ಮನೆಯ ದಿಕ್ಕಿಗೆ.

"ಇವರಿಗೋಸ್ಕರ ಬೇಡ," ಎಂದಳು ಅಮ್ಮ. "ನಿಮ್ಮಪ್ಪನಿಗೋಸ್ಕರ. ಅವರ ಮುಖ ನೋಡು."

"ನಾನು ನಿನ್ನ ಮಡಿಲಲ್ಲಿ ಮಲಗಿದ್ದಾಗ, ಹಡಗಿನಲ್ಲಿ, ಈ ಮಗು ತಿನ್ನಬಾರದು ಅಂತ ಅಪ್ಪನ ಕೈಲಿ ಆಣೆ ಹಾಕಿಸಿದ್ದು ಯಾರಮ್ಮ?"

"ನಾನೇ. ಅವತ್ತು ಈ ಮುಖ ನೋಡಿರ್ಲಿಲ್ಲ."

ನೋಡಿದೆ. ದವಡೆಗೆ ಬಿಗಿದ ಬಟ್ಟೆಯ ಮೇಲೆ ಬಾಯಿ ಅರ್ಧ ತೆರೆದೇ ಇತ್ತು, ಒಳಗಿದ್ದವರು ಸರದಿಗೆ ಕಾಯುತ್ತಿರುವಂತೆ. ಹುಬ್ಬು ಜೇಬೆಜನದು. ತುಟಿ ಹನ್ನಾಳದು. ಅಪ್ಪನ ಕೈ ಹಿಡಿದೆ. ಅದಿನ್ನೂ ಅಪ್ಪನದೇ, ನೇಗಿಲು ಹಿಡಿದು ಒರಟಾದದ್ದು. ಅವನು ಹಗುರವಾಗಿ ಮಣ್ಣಿಗೆ ಹೋಗಬೇಕೆಂದು ನನಗೂ ಇತ್ತು. ಒಂದೇ ತುತ್ತು. ಅಷ್ಟರಿಂದ ಆ ಮುಖ ನನಗೆ ವಾಪಸ್ಸು ಸಿಗುತ್ತಿತ್ತು.

ಇಷ್ಟು ಜನರ ನಡುವೆ ಅವನ ಸ್ವಂತದ ಪಾಪ ಯಾವುದೆಂದು ಹುಡುಕಿದೆ. ಒಂದೇ ಸಿಕ್ಕಿತು. ಮೆಕ್ಕೆಜೋಳದ್ದೂ ಲೆಕ್ಕಕ್ಕಿದೆಯೆಂದು ಮೊದಲ ಸಂಜೆಯೇ ಅವನಿಗೆ ಗೊತ್ತಾಗಿತ್ತು. ಆದರೂ ಬಾಗಿಲಿಗೆ ಬಂದವರಿಗೆ ಬೇಡವೆನ್ನಲು ಅವನಿಗೆ ಬರಲಿಲ್ಲ. ತಿಂದರೆ ಅದೂ ನನಗೆ ಬರುತ್ತದೆ.

ಮಾರ್ಥಾ ರೊಟ್ಟಿ ಮುರಿದು ಅಪ್ಪನ ಎದೆಯ ಮೇಲಿಂದ ಚಾಚಿದಳು.

"ತಗೋ ನನ್ನವ್ವ," ಎಂದಳು ಅಮ್ಮ. "ತಿಂದುಬಿಡು."

"ತಿನ್ನಲ್ಲ," ಎಂದೆ.