ದಾಸಮ್ಮ ಹೇಳದ ಹೆಸರು

ಪಾವಗಡದಿಂದ ಮಧುಗಿರಿಗೆ ಹೊರಟಿದ್ದ ಬಸ್ಸನ್ನು ಪೊಲೀಸರು ದಾರಿಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಅಂದು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಕೆಳಗೆ ಆಗಲೇ ಜನ ಸೇರಿದ್ದರು. ರಾಯಚರ್ಲಿನ ದಾಸಮ್ಮನ ಮಡಿಲಲ್ಲಿ ಮೊಮ್ಮಗಳು ಸಹನಾ ಒಂದೇ ಸಮನೆ ಅಳುತ್ತಿದ್ದಳು. ಮಗುವಿಗೆ ಸುಡುವ ಜ್ವರ. ತಾಯಿ ಮಧುಗಿರಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದಳು.

ಬಸ್ಸು ಹತ್ತಿದ ಪೇದೆ ದಾಸಮ್ಮನ ಆಧಾರ್ ಕಾರ್ಡನ್ನೂ ಮುಖವನ್ನೂ ನೋಡಿದ. ಆ ಫೋಟೊದಲ್ಲಿ ಯಾರು ತಾನೇ ತಮ್ಮ ಹಾಗೆ ಕಾಣುತ್ತಾರೆ?

"ಇದು ನಿಂದೇನಾ? ಗಂಡನ ಹೆಸ್ರು ಹೇಳು."

ದಾಸಮ್ಮ ತಲೆ ತಗ್ಗಿಸಿದಳು. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿ ಬಾಳಿದವಳು. "ಅದ್ರಾಗೇ ಐತಲ್ಲ ಸಾಮಿ, ಓದ್ಕಳ್ಳಿ."

"ಗಂಡನ ಹೆಸ್ರೇ ಗೊತ್ತಿಲ್ವಾ? ಮಗು ಇಲ್ಲಿ ಕೊಡು. ಇಳಿ, ಸ್ಟೇಷನ್ನಿಗೆ ನಡಿ!"

"ಕಳ್ಳಿನೇ ಕಣ್ಲಾ, ಇಳಿಸ್ರೋ!" ಹಿಂದಿನಿಂದ ಯಾರೋ ಕೂಗಿದರು. ದಾಸಮ್ಮ ಮಗುವನ್ನು ಎದೆಗೆ ಅವುಚಿಕೊಂಡಳು.

ಪಕ್ಕದಲ್ಲಿದ್ದ ಆಶಾರಾಣಿ ಎದ್ದು ನಿಂತಳು. ಹಳ್ಳಿಗಳಲ್ಲಿ ಕಾನೂನಿನ ತಿಳಿವಳಿಕೆ ಕೊಡುವ ಹೆಣ್ಣುಮಗಳು ಅವಳು.

"ಸಾರ್, ವಿಚಾರಿಸಿ, ಬ್ಯಾಡ ಅನ್ನಲ್ಲ. ಹಿಡ್ಕಂಡು ಹೋಗೋದಾದ್ರೆ ಕಾರಣ ಹೇಳ್ಬೇಕು. ಮನೆಯೋರಿಗೆ ತಿಳಿಸ್ಬೇಕು. ಹೆಂಗಸ್ರ ಮೈ ತಪಾಸಣೆಗೆ ಮಹಿಳಾ ಪೊಲೀಸೇ ಬರ್ಬೇಕು."

ಮುಂದಿನ ಸೀಟಿನ ಜಯರಾಮಯ್ಯ ರೇಗಿದ. "ಸುಮ್ಕೆ ಕುಂತ್ಕಳಮ್ಮ. ತಪ್ಪು ಮಾಡಿಲ್ದಿದ್ರೆ ಇಳಿಯಾಕೆ ಭಯ ಯಾಕೆ?"

"ಕೆಳಗಿರೋ ಜನ ನೋಡಣ್ಣ. ಅಜ್ಜಿಗೆ ಏಟು ಬಿದ್ಮೇಲೆ ನ್ಯಾಯ ಕೇಳಾನಾ?"

ಜಯರಾಮಯ್ಯ ಕಿಟಕಿಯಿಂದ ಹೊರಗೆ ನೋಡಿದ.

ಆಶಾರಾಣಿ ದಾಸಮ್ಮನ ಫೋನಿನಿಂದಲೇ ಅವಳ ಗಂಡನಿಗೆ ಕರೆ ಮಾಡಿ ಸ್ಪೀಕರ್ ಹಾಕಿದಳು, ನಡೆದದ್ದನ್ನು ಹೇಳಿದಳು. ಪೇದೆ ಪಟ್ಟು ಬಿಡಲಿಲ್ಲ. "ಹೆಸ್ರು ಇವಳ ಬಾಯಲ್ಲೇ ಬರ್ಲಿ."

"ಲೇ ದಾಸಿ, ಹೇಳ್ಬುಡೇ!" ಫೋನಿನಿಂದ ಮುದುಕನ ದನಿ ಬಂತು. "ನಾನೇನೂ ಸಾಯಕಿಲ್ಲ. ಮಗು ಆಸ್ಪತ್ರೆ ಸೇರ್ಲಿ!"

ದಾಸಮ್ಮ ಕಣ್ಣು ಮುಚ್ಚಿಕೊಂಡಳು. "ಬೈ... ಬೈಲಪ್ಪ."

ಬಸ್ಸಿನವರೆಲ್ಲ ಫೋನಿನತ್ತ ಕಿವಿಗೊಟ್ಟರು. ಆಮೇಲೆ ಫೋನು ಮಾತಾಡಿತು: "ಇನ್ನೂ ಬದುಕಿವ್ನಿ ಕಣೇ."

ದಾಸಮ್ಮ ಗಳಗಳ ಅತ್ತಳು. ಪೇದೆ ಕಾರ್ಡಿನಲ್ಲಿದ್ದ ಹೆಸರಿಗೆ ತಾಳೆ ನೋಡಿ, ಅದನ್ನು ವಾಪಸ್ ಕೊಟ್ಟು ಕೆಳಗಿಳಿದ. ಬಸ್ಸು ಹೊರಟಿತು. "ಕಾರಣ ಕೇಳಾದು ತಪ್ಪಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ ಕಣಮ್ಮ" ಎಂದು ಜಯರಾಮಯ್ಯ ನೀರಿನ ಬಾಟಲಿ ಚಾಚಿದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪೊಲೀಸರು ವಿಚಾರಿಸಿದರೆ ನಿಜವಾದ ಹೆಸರು, ಊರು ಹೇಳಿ. ಓಡಬೇಡಿ, ಜಗಳಕ್ಕೆ ನಿಲ್ಲಬೇಡಿ. ಆದರೆ ಹಿಡಿದುಕೊಂಡು ಹೋಗುತ್ತೇವೆ ಎಂದರೆ, ಯಾಕೆ ಎಂದು ಮರ್ಯಾದೆಯಿಂದಲೇ ಕೇಳಿ. ಅದು ನಿಮ್ಮ ಹಕ್ಕು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಮೊಬೈಲಿನ ಸುದ್ದಿ ನಂಬಿ ಯಾರನ್ನೂ ಕಳ್ಳಿ ಎಂದು ಕೂಗಬೇಡಿ. ಹಾಗೆಯೇ ಹೆಣ್ಣುಮಕ್ಕಳು ಗಂಡನ ಹೆಸರನ್ನು ಇವತ್ತೇ ಒಂದು ಸಲ ಜೋರಾಗಿ ಹೇಳಿ ನೋಡಿ. ಆಯಸ್ಸಿಗೆ ಏನೂ ಆಗುವುದಿಲ್ಲ, ಬೇಕಾದರೆ ಬೈಲಪ್ಪನನ್ನೇ ಕೇಳಿ.