ಕೊಳವೆಯ ನಡುವಿನ ತಟ್ಟೆ

ಊರಿಗೆ ನೀರು ತರುವ ಕೊಳವೆ ಎಷ್ಟು ದೊಡ್ಡದೆಂದರೆ, ಮನುಷ್ಯ ಬಗ್ಗಿಕೊಂಡು ಒಳಗೆ ನಡೆಯಬಹುದು. ಅದಕ್ಕೆ ಯಾವ ವಾಲ್ವ್ ಕೂರಿಸಬೇಕೆಂದು ಬರೆದುಕೊಡುವ ಕೆಲಸ ಎಂಜಿನಿಯರ್ ಹುಡುಗಿಯ ತಲೆಗೆ ಬಿದ್ದಿತ್ತು. ಬಟರ್‌ಫ್ಲೈ ವಾಲ್ವ್ ಹಗುರ, ವಾಲ್ವ್‌ಗೆಂದು ನೆಲದಡಿ ಈಗಾಗಲೇ ಕಟ್ಟಿರುವ ಗುಂಡಿಯಲ್ಲೇ ಹಿಡಿಸುತ್ತದೆ. ಆದರೆ ತೆರೆದಾಗಲೂ ಅದರ ತಟ್ಟೆ ಕೊಳವೆಯ ನಟ್ಟನಡುವೆ ನಿಂತಿರುತ್ತದೆ. ಗೇಟ್ ವಾಲ್ವ್‌ನ ತಟ್ಟೆ ಪೂರ್ತಿ ಮೇಲೇರಿ ದಾರಿ ಬಿಡುತ್ತದೆ, ಆದರೆ ಅದಕ್ಕೆ ಗುಂಡಿಯನ್ನೇ ಒಡೆದು ದೊಡ್ಡದಾಗಿ ಕಟ್ಟಬೇಕು.

ಅವಳ ಅಣ್ಣ ವೆಲ್ಡರ್. ಕೊಳವೆ ಸೋರಿದರೆ ಒಳಗಿಳಿಯುವವನು ಅವನೇ. ಊಟಕ್ಕೆ ಕೂತಾಗ ಕೇಳಿದಳು: "ಅಣ್ಣಾ, ತಟ್ಟೆ ಅಡ್ಡ ಇದ್ರೆ ನಿಂಗೇನಾದ್ರೂ ತೊಂದ್ರೆನಾ?"

"ಹೋದ್ವರ್ಷ ಪಕ್ಕದೂರಿನ ಕೊಳವೆ ಒಳಗೆ ವೆಲ್ಡಿಂಗ್ ಹೊಗೆ ತುಂಬ್ಕೊಳ್ತು. ತಟ್ಟೆಯಾಚೆ ಹತ್ತೇ ಹೆಜ್ಜೆ ಮುಂದೆ ಹೊರಗೆ ಹತ್ತೋ ಮ್ಯಾನ್‌ಹೋಲ್ ಇತ್ತು. ತಟ್ಟೆ ಪಕ್ಕ ನುಸುಳೋಕಾಗ್ಲಿಲ್ಲ. ಮುನ್ನೂರು ಅಡಿ ಹಿಂದಕ್ಕೆ ತೆವಳ್ಕೊಂಡು ಬಂದೆ. ಮನೇಲಿ ಹೇಳ್ಲಿಲ್ಲ, ಅಷ್ಟೆ."

ಪಕ್ಕದೂರಿಗೆ ಆ ಬಟರ್‌ಫ್ಲೈ ವಾಲ್ವ್ ಆರಿಸಿದ್ದು ಅವಳೇ.

ಮರುದಿನ ಗೇಟ್ ವಾಲ್ವ್ ಎಂದು ಬರೆದುಕೊಟ್ಟಳು. ಸಾಹೇಬರು ಕೆಂಡಾಮಂಡಲವಾದರು. "ಅಣ್ಣನ ಮುಖ ನೋಡಿ ಬರೆದ್ಯೇನಮ್ಮಾ? ಎರಡು ವಾರ ಊರಿಗೆ ನೀರಿರಲ್ಲ!"

"ಒಳಗಿಳಿಯೋರು ಯಾರಾಗಿದ್ರೂ ಇದನ್ನೇ ಬರೀತಿದ್ದೆ ಸಾರ್," ಅಂದಳು. ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ.

ಗೊಣಗುತ್ತಲೇ ಸಾಹೇಬರು ಸಹಿ ಹಾಕಿದರು. ಗುಂಡಿ ಒಡೆದರು, ನಲ್ಲಿಗಳು ಬತ್ತಿದವು. ಟ್ಯಾಂಕರ್ ಮುಂದೆ ನಿಂತ ಹೆಂಗಸರು ಅವಳಿಗೆ ಹಿಡಿಶಾಪ ಹಾಕುತ್ತಿದ್ದರೆ, ಅವಳಮ್ಮ ಅದೇ ಸಾಲಿನಲ್ಲಿ ಕೊಡ ಹಿಡಿದು ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತಿದ್ದಳು.